ಮೂರರಿಂದ ಆರರ ಮಗು ಯಾರದು? ಸರ್ಕಾರಿ ಎಲ್‌ಕೆಜಿ ಅಂದರೆ ಅಂಗನವಾಡಿಗಳು ಬೆಚ್ಚುವುದೇಕೆ

ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಶುರು ಅಂದರೆ ಬೇಡ ಅನ್ನುವವರು ಯಾರಿರುತ್ತಾರೆ ಹೇಳಿ? ಕಾನ್ವೆಂಟ್ ಫೀಸು ಕಟ್ಟಲಾಗದ ಮನೆಯ ಮಗುವಿಗೂ ಬಣ್ಣದ ಪುಸ್ತಕ, ಕೂರಲು ಒಂದು ಜಾಗ, ಎರಡು ಇಂಗ್ಲಿಷ್ ಪದ್ಯ ಸಿಗುತ್ತವೆ. ಆದರೆ ಈ ಸುದ್ದಿ ಬಂದಾಗಲೆಲ್ಲ ಮೊದಲು ಬೀದಿಗೆ ಇಳಿಯುವವರು ಅದೇ ಮಕ್ಕಳಿಗೆ ಊಟ ಹಾಕಿ, ಆಟ ಆಡಿಸಿ ಬೆಳೆಸಿದ ಅಂಗನವಾಡಿ ಕಾರ್ಯಕರ್ತೆಯರು. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ, ಜಿಲ್ಲೆಗಳಲ್ಲಿ ಮನವಿ ಪತ್ರ. ಟಿವಿಯಲ್ಲಿ ನೋಡಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಇವರಿಗೆ ಮಕ್ಕಳು ಓದುವುದು ಬೇಡವಾ? ಅಥವಾ ಇದೆಲ್ಲ ಸಂಬಳದ ಗಲಾಟೆನಾ?

ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಸ್ವಲ್ಪ ನಿಜ ಇದೆ. ಉಳಿದದ್ದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸದ್ಯ ನಡೆಯುತ್ತಿರುವುದು ಏನು

ರಾಜ್ಯದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಈಗ ಮೂರು ಬಾಗಿಲುಗಳಿವೆ. ಒಂದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಂಗನವಾಡಿ. ಇವು ರಾಜ್ಯದಲ್ಲಿ ಸುಮಾರು 70 ಸಾವಿರ ಇವೆ. ಎರಡು, ಶಾಲಾ ಶಿಕ್ಷಣ ಇಲಾಖೆಯ ಎಲ್‌ಕೆಜಿ, ಯುಕೆಜಿ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮೊದಲು ಬಂದ ಈ ತರಗತಿಗಳು 2024ರಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸಾವಿರದಷ್ಟು ಸರ್ಕಾರಿ ಶಾಲೆಗಳಿಗೆ ವಿಸ್ತರಣೆಯಾದವು. ಇದಕ್ಕೆ ದುಡ್ಡು ಕೊಟ್ಟಿದ್ದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ತನ್ನ ಅಕ್ಷರ ಆವಿಷ್ಕಾರ ಯೋಜನೆಯಡಿ. ಮೂರನೆಯದು ಖಾಸಗಿ ನರ್ಸರಿ. ಅದು ಗಲ್ಲಿ ಗಲ್ಲಿಯಲ್ಲೂ ಇದೆ, ಹಳ್ಳಿಗೆ ಹಳದಿ ವ್ಯಾನು ಕಳಿಸುತ್ತದೆ.

ಎರಡನೆಯ ಬಾಗಿಲು ತೆರೆದ ಕೂಡಲೇ ಮೊದಲನೆಯದು ಮುಚ್ಚಿಹೋಗುತ್ತದೆ ಎಂಬ ಭಯ ಹುಟ್ಟಿತು. ಪ್ರತಿಭಟನೆ ಜೋರಾದಾಗ ಸರ್ಕಾರ ಇನ್ನೊಂದು ಮಾತು ಹೇಳಿತು. ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ಮಾಡುತ್ತೇವೆ, ಅವನ್ನು ಸರ್ಕಾರಿ ಮಾಂಟೆಸ್ಸರಿಯಾಗಿ ಮೇಲ್ದರ್ಜೆಗೆ ಏರಿಸುತ್ತೇವೆ ಅಂತ. ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಅದು 2024ರ ಜುಲೈನಲ್ಲಿ ಶುರುವೂ ಆಯಿತು. ಅಂದರೆ ಒಂದೇ ಸರ್ಕಾರದ ಎರಡು ಇಲಾಖೆಗಳು ಒಂದೇ ವಯಸ್ಸಿನ ಮಗುವಿಗೆ ಎರಡು ಕಡೆ ಕುರ್ಚಿ ಹಾಕಿ ಕರೆಯುತ್ತಿವೆ. ಓದುಗರಿಗೆ ಗೊಂದಲ ಆಗದೆ ಇನ್ನೇನಾಗಬೇಕು!

ತಟ್ಟೆಗೆ ಹಕ್ಕಿದೆ, ಸ್ಲೇಟಿಗೆ ಇಲ್ಲ

ಗೊಂದಲದ ಬೇರು ಇಲಾಖೆಗಳ ಹಟದಲ್ಲಿಲ್ಲ, ಕಾನೂನಿನಲ್ಲಿದೆ.

ಸಂವಿಧಾನ ಬರೆದಾಗ 45ನೇ ವಿಧಿ 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದಿತ್ತು. ಅದರಲ್ಲಿ ಕೆಳಗಿನ ವಯಸ್ಸಿನ ಗೆರೆ ಇರಲಿಲ್ಲ. ನಾಲ್ಕು ವರ್ಷದ ಮಗುವೂ ಅದರೊಳಗೇ ಇತ್ತು. 2002ರ 86ನೇ ತಿದ್ದುಪಡಿ ಈ ಮಾತನ್ನು ಎರಡು ತುಂಡು ಮಾಡಿತು. ಆರರಿಂದ 14 ವರ್ಷದವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು, ಅದೇ 21ಎ ವಿಧಿ. ಆರರ ಒಳಗಿನವರ ಆರೈಕೆ ಮತ್ತು ಶಿಕ್ಷಣ ಮಾತ್ರ 45ನೇ ವಿಧಿಯಲ್ಲಿ 'ಪ್ರಯತ್ನಿಸಬೇಕು' ಎಂಬ ಮಾತಿನಲ್ಲೇ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಇದನ್ನೇ ಹಿಂಬಾಲಿಸಿತು. ಅದರ 11ನೇ ಸೆಕ್ಷನ್ ಪ್ರಕಾರ ಮೂರು ವರ್ಷ ದಾಟಿದ ಮಕ್ಕಳಿಗೆ ಸರ್ಕಾರ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಮಾಡಬಹುದು. 'ಬಹುದು' ಅಷ್ಟೇ. ಮಾಡದಿದ್ದರೆ ಕೇಳುವಂತಿಲ್ಲ.

ಊಟದ ಕತೆ ಬೇರೆ. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ವಯಸ್ಸಿಗೆ ತಕ್ಕ ಆಹಾರವನ್ನು ಉಚಿತವಾಗಿ, ಅದೂ ಊರಿನ ಅಂಗನವಾಡಿಯ ಮೂಲಕ ಕೊಡಬೇಕು ಅನ್ನುತ್ತದೆ. ಇಲ್ಲಿ 'ಬಹುದು' ಇಲ್ಲ.

ಹೀಗಾಗಿ ನಾಲ್ಕು ವರ್ಷದ ಮಗುವಿನ ತಟ್ಟೆಗೆ ಕಾನೂನಿನ ಕಾವಲಿದೆ, ಸ್ಲೇಟಿಗೆ ಇಲ್ಲ. ಕಾವಲಿಲ್ಲದ ಸ್ಲೇಟನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಇವತ್ತು ಆಗುತ್ತಿರುವುದು ಅದೇ.

ಒಂದೇ ಕೋಣೆಯಲ್ಲಿ ಮೂರು ಕೆಲಸ

ಅಂಗನವಾಡಿ ಹುಟ್ಟಿದ್ದು ಶಾಲೆಯಾಗಿ ಅಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಬ್ಲಾಕ್‌ಗಳಲ್ಲಿ ಪ್ರಯೋಗವಾಗಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಆ ಪಟ್ಟಿಯಲ್ಲಿದ್ದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. 'ಸಮಗ್ರ' ಎಂಬ ಪದ ಸುಮ್ನೆ ಹಾಕಿದ್ದಲ್ಲ. ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಕಾಯಿಲೆ ಬಿದ್ದ ಮಗುವನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ, ಈ ಆರು ಸೇವೆಗಳು ಒಂದೇ ಸೂರಿನಡಿ ಸಿಗಬೇಕು ಎಂಬುದು ಲೆಕ್ಕಾಚಾರ.

ಇದರ ಹಿಂದಿನ ತರ್ಕ ಸರಳ. ಹೊಟ್ಟೆ ತುಂಬದ ಮಗು ಕಲಿಯುವುದಿಲ್ಲ. ಪದೇ ಪದೇ ಭೇದಿಯಾಗುವ ಮಗುವಿಗೆ ಎಷ್ಟು ಉಣ್ಣಿಸಿದರೂ ಮೈಗೆ ಹತ್ತುವುದಿಲ್ಲ. ತಾಯಿ ರಕ್ತಹೀನತೆಯಿಂದ ಬಳಲುತ್ತಿದ್ದರೆ ಮಗು ಹುಟ್ಟುವಾಗಲೇ ಹಗುರ. ಒಂದನ್ನು ಬಿಟ್ಟು ಇನ್ನೊಂದನ್ನು ಸರಿ ಮಾಡಲಾಗುವುದಿಲ್ಲ. ಹಾಗಾಗಿ ತಟ್ಟೆ, ತಕ್ಕಡಿ, ಸ್ಲೇಟು ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟರು.

ಕರ್ನಾಟಕ ಇದರ ಮೇಲೆ ತನ್ನದೂ ಒಂದಿಷ್ಟು ಸೇರಿಸಿತು. 2011ರಲ್ಲಿ ರಾಯಚೂರಿನ ಅಪೌಷ್ಟಿಕ ಮಕ್ಕಳ ಸ್ಥಿತಿ ಸುದ್ದಿಯಾಯಿತು, ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ರಚನೆಯಾಯಿತು. ಅಲ್ಲಿಂದಾಚೆಗೆ ಈ ವಿಷಯವನ್ನು ಸರ್ಕಾರಗಳು ತಳ್ಳಿಹಾಕುವುದು ಕಷ್ಟವಾಯಿತು. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ರಾಜ್ಯದಾದ್ಯಂತ ಜಾರಿಯಾಗಿ, ಗರ್ಭಿಣಿ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ ಶುರುವಾಯಿತು. ಮೂರು ವರ್ಷದೊಳಗಿನ ಕೂಸಿಗೆ ಮನೆಗೆ ಪುಷ್ಟಿ ಎಂಬ ಪೌಷ್ಟಿಕ ಆಹಾರದ ಪೊಟ್ಟಣ ಹೋಗುತ್ತದೆ.

ಇಷ್ಟಾದರೂ ಸ್ಥಿತಿ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಶೇ 32.9ರಷ್ಟು ಮಕ್ಕಳ ತೂಕ ಕಡಿಮೆ. ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಹಿಂದಿನ ಸಮೀಕ್ಷೆಯ ಶೇ 26.1ರಿಂದ 19.5ಕ್ಕೆ ಇಳಿದದ್ದು ಒಳ್ಳೆಯ ಸುದ್ದಿ. ಆದರೆ ರಕ್ತಹೀನತೆ ಶೇ 60.9ರಿಂದ 65.5ಕ್ಕೆ ಏರಿದೆ. ಮೂವರಲ್ಲಿ ಇಬ್ಬರು ಮಕ್ಕಳ ರಕ್ತದಲ್ಲಿ ಕಬ್ಬಿಣದ ಅಂಶವೋ ಇನ್ನೇನೋ ಕೊರೆ ಬಿದ್ದಿದೆ ಎಂದಾಯಿತು. ಇಂಥ ರಾಜ್ಯದಲ್ಲಿ ಸ್ಲೇಟನ್ನು ತಟ್ಟೆಯಿಂದ ಬೇರೆ ಮಾಡುವ ಮೊದಲು ಎರಡು ಸಲ ಯೋಚಿಸಬೇಕು.

ತಂದೆ-ತಾಯಿ ಯಾಕೆ ಕಾಯುವುದಿಲ್ಲ

ಇಷ್ಟು ಹೇಳಿದ ಮೇಲೆ ಅಂಗನವಾಡಿಯ ದೌರ್ಬಲ್ಯವನ್ನೂ ಹೇಳಬೇಕು. ಅಲ್ಲಿ ಪಾಠ ಕಡಿಮೆ. ಚಿಲಿಪಿಲಿ ಎಂಬ ಚೆಂದದ ಪಠ್ಯಕ್ರಮ ರಾಜ್ಯದಲ್ಲಿ ಬಹಳ ಹಿಂದೆಯೇ ಬಂದಿದೆ, ಹಾಡು, ಕತೆ, ಆಟದ ಮೂಲಕ ಕಲಿಸುವಂಥದ್ದು. ಅದನ್ನು ದಿನವೂ ಮಾಡಲು ಹೊತ್ತು ಬೇಕಲ್ಲ? ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಹಾಯಕಿ ಒಲೆ ಮುಂದೆ. ಕಾರ್ಯಕರ್ತೆ ಒಮ್ಮೆ ತೂಕದ ತಕ್ಕಡಿ ಮುಂದೆ, ಒಮ್ಮೆ ರಿಜಿಸ್ಟರ್ ಮುಂದೆ, ಈಚೆಗಂತೂ ಮೊಬೈಲ್ ಮುಂದೆ.

ಪೋಷಕರು ಇದನ್ನು ನೋಡುತ್ತಾರೆ. ಅವರಿಗೆ ಬೇಕಾದ್ದು ಎಬಿಸಿಡಿ, ಯೂನಿಫಾರ್ಮು, ಶೂ, ಬ್ಯಾಗು. ಮಗು ಮೂರೂವರೆ ದಾಟುತ್ತಿದ್ದಂತೆ ಅನುಕೂಲ ಇದ್ದವರು ವ್ಯಾನು ಹತ್ತಿಸುತ್ತಾರೆ, ಇಲ್ಲದವರು ಸಾಲ ಮಾಡಿಯಾದರೂ ಹತ್ತಿಸುತ್ತಾರೆ. ಒಮ್ಮೆ ಖಾಸಗಿ ಎಲ್‌ಕೆಜಿ ಸೇರಿದ ಮಗು ಒಂದನೇ ತರಗತಿಗೆ ಸರ್ಕಾರಿ ಶಾಲೆಗೆ ವಾಪಸ್ ಬರುವುದು ಅಪರೂಪ. ಹೀಗಾಗಿ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ದಾಖಲಾತಿ ಕುಸಿಯುತ್ತದೆ. ಮಕ್ಕಳಿಲ್ಲದೆ ಶಿಕ್ಷಕರ ಹುದ್ದೆ ಹೋಗುತ್ತದೆ, ಕೊನೆಗೆ ಶಾಲೆಯೇ ವಿಲೀನದ ಪಟ್ಟಿ ಸೇರುತ್ತದೆ.

ಶಿಕ್ಷಣ ಇಲಾಖೆಯ ವಾದ ನಿಂತಿರುವುದು ಇಲ್ಲೇ. ಶಾಲೆ ಉಳಿಯಬೇಕಾದರೆ ಮಗುವನ್ನು ನಾಲ್ಕನೇ ವರ್ಷದಲ್ಲೇ ಹಿಡಿದುಕೊಳ್ಳಬೇಕು. ಆರು ವರ್ಷದವರೆಗೆ ಕಾಯ್ದರೆ ಹಕ್ಕಿ ಹಾರಿಹೋಗಿರುತ್ತದೆ. ಈ ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕಿಂತ ಜಾಸ್ತಿ ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ ಮೇಲೆ ಎಲ್ಲ ರಾಜ್ಯಗಳೂ ಈ ವಯಸ್ಸಿನ ಕಡೆ ಹೊರಳಿ ನೋಡಿದವು. ಕರ್ನಾಟಕ ಆ ನೀತಿಯನ್ನು ಬದಿಗಿಟ್ಟು ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಶಿಕ್ಷಣ ನೀತಿ ಆಯೋಗ ಮಾಡಿತು. 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ಆ ಆಯೋಗವೂ 2+8+4 ಎಂಬ ರಚನೆ ಸೂಚಿಸಿತು. ಮೊದಲ ಎರಡು ಎಂದರೆ ಶಾಲಾಪೂರ್ವದ ಎರಡು ವರ್ಷ. ಸಣ್ಣ ಮಕ್ಕಳಿಗೆ ಕಲಿಸಬೇಕು ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. ಜಗಳ ಇರುವುದು ಎಲ್ಲಿ, ಯಾರು ಎಂಬುದರಲ್ಲಿ.

ಕಾರ್ಯಕರ್ತೆಯ ಲೆಕ್ಕ

ಸಂಬಳದ ಪ್ರಶ್ನೆಗೆ ಬರೋಣ. ಕಾಗದದ ಮೇಲೆ ಅದು ಸಂಬಳವೇ ಅಲ್ಲ, ಗೌರವಧನ. ಕಾರ್ಯಕರ್ತೆ ಸರ್ಕಾರಿ ನೌಕರಳಲ್ಲ ಎಂದು ತೀರ್ಮಾನವಾದದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. 2006ರ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇವರದು ಸರ್ಕಾರಿ ಹುದ್ದೆ ಅಲ್ಲ ಎಂದಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟ್, ಇವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಕೊಡಬೇಕು ಎಂದು ಹೇಳಿತು. ನೌಕರಳಲ್ಲ, ಆದರೆ ಗ್ರಾಚ್ಯುಟಿ ಉಂಟು. ಇಂಥ ಅರೆಬರೆ ಸ್ಥಿತಿಯಲ್ಲಿ ಈ ಹೆಂಗಸರು ಮೂವತ್ತು, ಮೂವತ್ತೈದು ವರ್ಷ ದುಡಿಯುತ್ತಾರೆ.

ದುಡ್ಡಿನ ವಿಷಯದಲ್ಲಿ ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಯ ಗೌರವಧನವನ್ನು ತಿಂಗಳಿಗೆ 4,500 ರೂಪಾಯಿ ಎಂದು ಪರಿಷ್ಕರಿಸಿತು. ಅದರಲ್ಲೂ ಕೇಂದ್ರದ ಪಾಲು ಶೇ 60, ಅಂದರೆ 2,700. ಉಳಿದದ್ದು ಮತ್ತು ಅದರ ಮೇಲಿನದೆಲ್ಲ ರಾಜ್ಯದ ಜೇಬಿನಿಂದ. 2025ರ ಬಜೆಟ್‌ನಲ್ಲಿ ರಾಜ್ಯ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿತು. ಅವರ ಬೇಡಿಕೆ ಇದಕ್ಕಿಂತ ಬಹಳ ದೊಡ್ಡದು.

ಈ ಹಣಕ್ಕೆ ಬದಲಾಗಿ ಮಾಡಬೇಕಾದ ಕೆಲಸವಂತೂ ಮುಗಿಯುವುದೇ ಇಲ್ಲ. ಮತದಾರರ ಪಟ್ಟಿ ಪರಿಷ್ಕರಣೆ ಬಂದರೆ ಇವರು, ಸರ್ವೆ ಬಂದರೆ ಇವರು. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಿನದ ಹಾಜರಾತಿಯಿಂದ ಮಗುವಿನ ಎತ್ತರದವರೆಗೆ ಎಲ್ಲವನ್ನೂ ತುಂಬಬೇಕು. 2025ರ ಜುಲೈ 1ರಿಂದ ಮನೆಗೆ ಪೊಟ್ಟಣ ಒಯ್ಯುವವರ ಮುಖ ಗುರುತಿಸುವಿಕೆಯೂ ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದ ಹಾಡಿಯಲ್ಲಿ, ತಾಂಡಾದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಊಹಿಸಿಕೊಳ್ಳಿ.

ಇಷ್ಟೆಲ್ಲ ಹೊರೆಯ ಮಧ್ಯೆ, ಪಕ್ಕದ ಶಾಲೆಯಲ್ಲಿ ಎಲ್‌ಕೆಜಿ ಬಂದು ಹತ್ತು ಮಕ್ಕಳು ಆ ಕಡೆ ಹೋದರೆ ಏನಾಗುತ್ತದೆ? ಹಾಜರಾತಿ ಕಡಿಮೆ ಎಂಬ ಟಿಪ್ಪಣಿ ಮೇಲಕ್ಕೆ ಹೋಗುತ್ತದೆ. ಕೇಂದ್ರ ಬೇಕೇ, ಪಕ್ಕದ್ದರ ಜೊತೆ ಸೇರಿಸಬಹುದೇ ಎಂಬ ಪ್ರಶ್ನೆ ಹುಟ್ಟುತ್ತದೆ. ಕಾರ್ಯಕರ್ತೆಯರ ಸಂಘಟನೆಗಳು ಎಲ್‌ಕೆಜಿ ಬೇಡ ಅನ್ನುತ್ತಿಲ್ಲ. ಅದನ್ನು ನಮ್ಮಲ್ಲೇ ಮಾಡಿ, ನಮಗೆ ತರಬೇತಿ ಕೊಡಿ, ನಮ್ಮನ್ನು ಶಿಕ್ಷಕಿ ಎಂದು ಒಪ್ಪಿ ಅನ್ನುತ್ತಿದ್ದಾರೆ. ಸ್ವಾರ್ಥ ಇದೆಯೇ? ಇದೆ. ಯಾವ ನೌಕರರ ಹೋರಾಟದಲ್ಲಿ ಇಲ್ಲ ಹೇಳಿ. ಆದರೆ ಈ ಸ್ವಾರ್ಥ ಮತ್ತು ಊರಿನ ಅತಿ ಸಣ್ಣ ಕೂಸಿನ ಹಿತ ಎರಡೂ ಒಂದೇ ದಾರಿಯಲ್ಲಿವೆ.

ನಾಲ್ಕು ವರ್ಷದ ಅಣ್ಣ ಶಾಲೆಗೆ ಹೋದರೆ ಒಂದು ವರ್ಷದ ತಂಗಿಗೆ ಏನಾಗುತ್ತದೆ

ಚರ್ಚೆಯಲ್ಲಿ ಎಲ್ಲರೂ ಮರೆಯುವ ಭಾಗ ಇದು.

ಸರ್ಕಾರಿ ಎಲ್‌ಕೆಜಿಗೆ ಹೋದ ಮಗುವಿಗೆ ಊಟ ತಪ್ಪುವುದಿಲ್ಲ. 2021ರಲ್ಲಿ ಬಿಸಿಯೂಟ ಯೋಜನೆಗೆ ಪಿಎಂ ಪೋಷಣ್ ಎಂದು ಹೊಸ ಹೆಸರಿಟ್ಟಾಗ ಸರ್ಕಾರಿ ಶಾಲೆಗಳ ಶಾಲಾಪೂರ್ವ ಮಕ್ಕಳನ್ನೂ ಅದಕ್ಕೆ ಸೇರಿಸಲಾಯಿತು. ಹಾಗಾದರೆ ತೊಂದರೆ ಎಲ್ಲಿ?

ಮೊದಲನೆಯದು ದಿನಗಳ ಲೆಕ್ಕ. ಅಂಗನವಾಡಿಯಲ್ಲಿ ವರ್ಷಕ್ಕೆ 300 ದಿನ ಆಹಾರ ಕೊಡಬೇಕು. ಶಾಲೆಯ ಊಟದ ಬಗ್ಗೆ ಆಹಾರ ಭದ್ರತಾ ಕಾಯ್ದೆಯೇ 'ಶಾಲಾ ರಜಾದಿನಗಳನ್ನು ಬಿಟ್ಟು' ಅನ್ನುತ್ತದೆ. ಐದನೇ ತರಗತಿವರೆಗೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಕನಿಷ್ಠ ಕೆಲಸದ ದಿನ 200. ಶಾಲೆ ಅದಕ್ಕಿಂತ ಕೆಲವು ವಾರ ಜಾಸ್ತಿ ನಡೆದರೂ ಬೇಸಿಗೆ ರಜೆ, ದಸರಾ ರಜೆ ಕಳೆದರೆ ಮಗು ಹಲವು ವಾರಗಳ ಊಟ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲೇ ತಾನೇ ಕೂಲಿ ಕುಟುಂಬಗಳಲ್ಲಿ ಕೆಲಸವೂ ಕಡಿಮೆ, ಊಟವೂ ಕಡಿಮೆ?

ಎರಡನೆಯದು ಇನ್ನೂ ಆಳದ್ದು. ಮಗುವಿನ ಎತ್ತರ ಕುಂಠಿತವಾಗುವುದು ಮುಖ್ಯವಾಗಿ ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ. ಆ ಸಾವಿರ ದಿನ ಕಳೆದರೆ ಮತ್ತೆ ತುಂಬಿಕೊಳ್ಳುವುದು ಬಹಳ ಕಷ್ಟ. ಈ ವಯಸ್ಸಿನ ಕೂಸನ್ನು ನೋಡಲು ಊರಲ್ಲಿ ಇರುವ ಮುಖ್ಯ ಸರ್ಕಾರಿ ಕೇಂದ್ರ ಅಂಗನವಾಡಿ. ಆದರೆ ತಾಯಿ ಅಲ್ಲಿಗೆ ದಿನವೂ ಬರುವುದು ಯಾಕೆ? ಬಹಳ ಸಲ ದೊಡ್ಡ ಮಗುವನ್ನು ಬಿಡಲು, ಕರೆದೊಯ್ಯಲು. ಕಂಕುಳಲ್ಲಿ ಚಿಕ್ಕದಿರುತ್ತದೆ. ಅದು ಬಡವಾಗಿದ್ದರೆ ಕಾರ್ಯಕರ್ತೆಯ ಕಣ್ಣಿಗೆ ಬೀಳುತ್ತದೆ. 'ಯಾಕವ್ವಾ, ಕೂಸು ಸೊರಗಿದೆ, ನಾಳೆ ತೂಕ ಹಾಕೋಣ' ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಯಾವ ಆ್ಯಪ್‌ನಲ್ಲೂ ಈ ಮಾತಿಗೆ ಕಾಲಂ ಇಲ್ಲ.

ದೊಡ್ಡ ಮಗು ಶಾಲೆಗೆ ಹೋದರೆ ತಾಯಿಯ ಕಾಲು ಆ ಕಡೆ ತಿರುಗುತ್ತದೆ. ಅಂಗನವಾಡಿ ಎಂದರೆ ಆಗೊಮ್ಮೆ ಈಗೊಮ್ಮೆ ಹೋಗಿ ಪೊಟ್ಟಣ ತರುವ ಜಾಗವಾಗುತ್ತದೆ. ಪೊಟ್ಟಣ ಮನೆಗೆ ಬಂದರೆ ಅದು ಕೂಸಿನ ಪಾಲಾಗದೆ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಎಂಬುದು ಹಳೆಯ ದೂರು. ಹೀಗೆ ನಾಲ್ಕು ವರ್ಷದ ಅಣ್ಣನಿಗೆ ಪಾಠ ಸಿಕ್ಕಿತು ಎಂದು ನಾವು ಚಪ್ಪಾಳೆ ತಟ್ಟುವಾಗ ಒಂದು ವರ್ಷದ ತಂಗಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಎಲ್‌ಕೆಜಿ ಎಲ್ಲಿರಬೇಕು ಎಂಬ ಯೋಜನೆಯನ್ನು ತೂಗಬೇಕಾದ್ದು ಎಲ್‌ಕೆಜಿಗೆ ಹೋಗದ ಈ ಕೂಸನ್ನು ಇಟ್ಟುಕೊಂಡೇ.

ಆರು ವರ್ಷದ ನಿಯಮ ತಂದ ಇನ್ನೊಂದು ಗಂಟು

ಇದರ ಜೊತೆಗೆ ಒಂದನೇ ತರಗತಿಯ ವಯಸ್ಸಿನ ಗೊಂದಲವೂ ಸೇರಿಕೊಂಡಿದೆ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ 2022ರ ಜುಲೈನಲ್ಲಿ ಆದೇಶ ಮಾಡಿತು. ಪೋಷಕರು ಗಲಾಟೆ ಮಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅದನ್ನು 2025-26ಕ್ಕೆ ಮುಂದೂಡಿತು. ಆ ವರ್ಷವೂ ಬಂತು, ಮತ್ತೆ ಗಲಾಟೆ. 2025ರ ಏಪ್ರಿಲ್‌ನಲ್ಲಿ, ಈ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳು ಸಾಕು ಎಂಬ ಸಡಿಲಿಕೆ ಬಂತು.

ನಿಯಮ ಬಿಗಿಯಾದಷ್ಟೂ ಮಗು ಶಾಲಾಪೂರ್ವದಲ್ಲಿ ಕಳೆಯುವ ಕಾಲ ಹಿಗ್ಗುತ್ತದೆ. ಮೂರಕ್ಕೆ ಶುರುವಾದರೆ ಪೂರ್ತಿ ಮೂರು ವರ್ಷ. ಖಾಸಗಿಯಲ್ಲಾದರೆ ಅದು ಮೂರು ವರ್ಷದ ಫೀಸು. ಅಂಗನವಾಡಿಯಲ್ಲಾದರೆ ಮೂರು ವರ್ಷ ಒಂದೇ ಹಾಡು, ಒಂದೇ ಕೋಣೆ, ಮೂರರ ಮಗುವೂ ಐದೂವರೆಯ ಮಗುವೂ ಒಟ್ಟಿಗೆ. ಇನ್ನು ಥೋರಟ್ ಆಯೋಗದ ಎರಡು ವರ್ಷದ ಲೆಕ್ಕ ಹಿಡಿದರೆ ಮೂರು ತುಂಬಿದ ಮಗು ಒಂದು ವರ್ಷ ಅಂಗನವಾಡಿಯಲ್ಲಿದ್ದು ಆಮೇಲೆ ಬೇರೆ ಕಡೆ ಹೋಗಬೇಕಾ ಎಂಬ ಪ್ರಶ್ನೆ ಏಳುತ್ತದೆ. ನಾಲ್ಕರ ಮಗುವಿಗೆ ಜಾಗ ಬದಲಾಯಿಸುವುದು ಅಂದರೆ ದೊಡ್ಡವರಿಗೆ ವರ್ಗಾವಣೆ ಆದ ಹಾಗೇ, ಅಳು ಮಾತ್ರ ಇನ್ನೂ ಜೋರು.

ಪಕ್ಕದ ಮನೆಯಲ್ಲಿ ಏನಾಯಿತು

ಪಂಜಾಬ್ 2017ರ ನವೆಂಬರ್ 14ರಂದು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶಾಲಾಪೂರ್ವ ತರಗತಿ ತೆರೆಯಿತು. ಅಲ್ಲೂ ಅಂಗನವಾಡಿಯವರು ಬೀದಿಗೆ ಬಂದರು. ಅಂದರೆ ಇದು ಕರ್ನಾಟಕದ ವಿಶೇಷ ರೋಗವಲ್ಲ.

ನಮಗೆ ಹೆಚ್ಚು ಪಾಠ ಇರುವುದು ತಮಿಳುನಾಡಿನಲ್ಲಿ. 2019ರ ಜನವರಿಯಲ್ಲಿ ಅಲ್ಲಿ ಮಿಡ್ಲ್ ಸ್ಕೂಲುಗಳ (ಹಿರಿಯ ಪ್ರಾಥಮಿಕ ಶಾಲೆಗಳ) ಆವರಣದೊಳಗಿದ್ದ 2,381 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾಯಿತು. ಜಾಗ ಅಂಗನವಾಡಿಯದು, ಆವರಣ ಶಾಲೆಯದು, ಕಲಿಸಲು ಶಾಲೆಗಳಿಂದ ಶಿಕ್ಷಕಿಯರು. ತಟ್ಟೆ, ತಕ್ಕಡಿ, ಸ್ಲೇಟು ಬೇರೆಯಾಗಲಿಲ್ಲ. ಒಳ್ಳೆಯ ಉಪಾಯ ಅಲ್ವಾ? ಆದರೆ ಆ ಶಿಕ್ಷಕಿಯರಿಗಾಗಿ ಹೊಸ ಹುದ್ದೆ ಮಾಡಿರಲಿಲ್ಲ. ಪ್ರಾಥಮಿಕ ತರಗತಿಗಳಿಗೆ ಶಿಕ್ಷಕರ ಕೊರತೆಯಾದಾಗ 2022ರಲ್ಲಿ ಅವರನ್ನು ವಾಪಸ್ ಕರೆದರು. ಎಲ್‌ಕೆಜಿ ನಿಂತೇಹೋಗುತ್ತದೆ ಎಂದು ಪೋಷಕರು ಗದ್ದಲ ಎಬ್ಬಿಸಿದ ಮೇಲೆ ಸರ್ಕಾರ ಹಿಂದೆ ಸರಿದು, ತಾತ್ಕಾಲಿಕ ಶಿಕ್ಷಕರನ್ನು ಹಾಕಿ ಮುಂದುವರಿಸಿತು. ವಿನ್ಯಾಸ ಸರಿಯಿತ್ತು, ಹುದ್ದೆ ಇರಲಿಲ್ಲ. ಕಲ್ಯಾಣ ಕರ್ನಾಟಕದ ಎಲ್‌ಕೆಜಿಗಳೂ ಅತಿಥಿ ಶಿಕ್ಷಕರ ಮೇಲೆ ನಿಂತಿವೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಅದೇ ತಮಿಳುನಾಡಿನಲ್ಲಿ ನಡೆದ ಇನ್ನೊಂದು ಪ್ರಯೋಗ ಹೆಚ್ಚು ಜನರಿಗೆ ಗೊತ್ತಿಲ್ಲ. 320 ಅಂಗನವಾಡಿಗಳನ್ನು ಆಯ್ದುಕೊಂಡು, ಅವುಗಳಲ್ಲಿ ಅರ್ಧದಷ್ಟಕ್ಕೆ ದಿನದ ಅರ್ಧ ಹೊತ್ತು ಕಲಿಸುವ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಹದಿನೆಂಟು ತಿಂಗಳ ನಂತರ ನೋಡಿದರೆ ಪಾಠದ ಹೊತ್ತು ಎರಡು ಪಟ್ಟಾಗಿತ್ತು, ಮಕ್ಕಳ ಕಲಿಕೆಯೂ ಸುಧಾರಿಸಿತ್ತು. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಇನ್ನೊಂದು. ಆ ಕೇಂದ್ರಗಳ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಮತ್ತು ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಗಿತ್ತು. ಕಾರಣ ಏನು? ಪಾಠದ ಭಾರ ಹಂಚಿಹೋದದ್ದರಿಂದ ಮೊದಲಿನ ಕಾರ್ಯಕರ್ತೆಗೆ ಆಹಾರ, ಆರೋಗ್ಯದ ಕೆಲಸಕ್ಕೆ ಹೊತ್ತು ಸಿಕ್ಕಿತು.

ಒಬ್ಬಳನ್ನು ಸೇರಿಸಿದರೆ ಸ್ಲೇಟೂ ತುಂಬಿತು, ತಟ್ಟೆಯೂ ತುಂಬಿತು. ಈ ಚರ್ಚೆಯಲ್ಲಿ ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಕಾಣುವುದಿಲ್ಲ.

ಹಾಗಾದರೆ ದಾರಿ ಯಾವುದು

ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ 'ಪೋಷಣ್ ಭೀ ಪಢಾಯಿ ಭೀ' ಎಂದು ಪೋಷಣೆ, ಓದು ಎರಡನ್ನೂ ಅಂಗನವಾಡಿಯಲ್ಲೇ ಮಾಡುವ ಕಾರ್ಯಕ್ರಮ ಶುರು ಮಾಡಿತು. ಕಾರ್ಯಕರ್ತೆಯರಿಗೆ ಕೆಲವು ದಿನಗಳ ತರಬೇತಿ ಸಿಗುತ್ತದೆ. ತರಬೇತಿ ಒಳ್ಳೆಯದೇ. ಆದರೆ ಅದರಿಂದ ದಿನಕ್ಕೆ ಒಂದು ಗಂಟೆಯೂ ಹೆಚ್ಚಾಗುವುದಿಲ್ಲ. ಅದೇ ಇಬ್ಬರು, ಅದೇ ಬೆಳಗ್ಗೆ 9.30ರಿಂದ ಸಂಜೆ 4, ಕೆಲಸದ ಪಟ್ಟಿ ಮಾತ್ರ ಉದ್ದ. ರಾಜ್ಯದ ಮಾಂಟೆಸ್ಸರಿ ಯೋಜನೆಗೂ ಇದೇ ಅಪಾಯ ಇದೆ. ಬೋರ್ಡು ಬದಲಾಯಿಸಿ, ಗೋಡೆಗೆ ಬಣ್ಣ ಬಳಿದು, ಮಕ್ಕಳಿಗೆ ಯೂನಿಫಾರ್ಮು ಕೊಟ್ಟು ಒಳಗೆ ಹಳೆಯದನ್ನೇ ಮುಂದುವರಿಸಿದರೆ ಪೋಷಕರಿಗೆ ಒಂದೇ ವರ್ಷದಲ್ಲಿ ಗೊತ್ತಾಗಿಬಿಡುತ್ತದೆ.

ಹೊಸದಾಗಿ ಸೇರುವ ಕಾರ್ಯಕರ್ತೆಯರಿಗೆ ಈಗ ಪಿಯುಸಿ ಬೇಕು. ಪದವಿ ಓದಿದ ಹೆಣ್ಣುಮಕ್ಕಳೂ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಮಕ್ಕಳು ಹೆಚ್ಚಿರುವ ಕೇಂದ್ರಗಳಿಗೆ ಮೊದಲು ಒಬ್ಬ ಎರಡನೇ ಕಾರ್ಯಕರ್ತೆಯನ್ನು, ಕಲಿಸುವುದಕ್ಕೆಂದೇ, ಮಂಜೂರಾದ ಹುದ್ದೆಯಲ್ಲಿ ಕೊಡುವುದು ಆಗದ ಮಾತಲ್ಲ. ಶಾಲೆಯ ಕಾಂಪೌಂಡಿನೊಳಗೇ ಇರುವ ಅಂಗನವಾಡಿಗಳಲ್ಲಿ ಇದನ್ನು ಶುರು ಮಾಡಿದರೆ ಶಿಕ್ಷಣ ಇಲಾಖೆಗೆ ಬೇಕಾದದ್ದೂ ಸಿಗುತ್ತದೆ. ಮಗು ಮೂರನೇ ವರ್ಷದಿಂದಲೇ ಆ ಗೇಟಿನ ಒಳಗಿರುತ್ತದೆ, ಒಂದನೇ ತರಗತಿಗೆ ಹೋಗುವುದು ಎಂದರೆ ಪಕ್ಕದ ಕೋಣೆಗೆ ಹೋಗುವುದು. ಕಾಂಪೌಂಡು ದೂರ ಇರುವ ಹಾಡಿ, ತಾಂಡಾ, ತೋಟದ ಲೈನ್‌ಮನೆಗಳ ಕಡೆ ಅಂಗನವಾಡಿ ಇದ್ದಲ್ಲೇ ಇರಬೇಕು. ಮೂರು ವರ್ಷದ ಮಗು ಎರಡು ಕಿಲೋಮೀಟರ್ ನಡೆಯುವುದಿಲ್ಲ.

ದುಡ್ಡು? ಕಷ್ಟ ಇದೆ. ಮೂರರಿಂದ ಆರರ ಮಗುವಿನ ದಿನದ ಆಹಾರಕ್ಕೆ 2017ರಲ್ಲಿ ನಿಗದಿ ಮಾಡಿದ ದರ 8 ರೂಪಾಯಿ. ಅದರಲ್ಲಿ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೊಟೀನ್ ಕೊಡಬೇಕು. ಒಂದು ಮೊಟ್ಟೆಗೇ ಆರೇಳು ರೂಪಾಯಿ ಆಗುವ ಕಾಲದಲ್ಲಿ ಇದು ಹೇಗೆ ಸಾಕಾಗಬೇಕು? ದರ ಹೆಚ್ಚಿಸುವುದಾಗಿ ಕೇಂದ್ರ 2025ರ ಬಜೆಟ್ ಭಾಷಣದಲ್ಲಿ ಹೇಳಿತು. ಈ ದರದ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಹಾಗಾಗಿ ಒಬ್ಬರು ಇನ್ನೊಬ್ಬರ ಕಡೆ ಬೊಟ್ಟು ಮಾಡುವುದು ಸುಲಭ.

ಮುಂದಿನ ಆದೇಶ ಬಂದಾಗ ಎಲ್‌ಕೆಜಿ ಎಂಬ ಪದವನ್ನು ಬಿಟ್ಟು ಅದರ ಕೆಳಗಿನ ಸಾಲುಗಳನ್ನು ಓದಿ. ಕಲಿಸುವವರು ಅತಿಥಿ ಶಿಕ್ಷಕರೋ, ಮಂಜೂರಾದ ಹುದ್ದೆಯವರೋ? ಬೇಸಿಗೆಯಲ್ಲಿ ಊಟ ಉಂಟೋ ಇಲ್ಲವೋ? ತರಗತಿ ಎದ್ದುಹೋದ ಅಂಗನವಾಡಿಯಲ್ಲಿ ಕೂಸುಗಳ ತೂಕ ಹಾಕಲು ಯಾರಿರುತ್ತಾರೆ? ಈ ಸಾಲುಗಳೇ ಇಲ್ಲದ ಆದೇಶ ಹೊರಟರೆ ಫ್ರೀಡಂ ಪಾರ್ಕ್‌ನಲ್ಲಿ ಮತ್ತೆ ಶಾಮಿಯಾನ ಏಳುತ್ತದೆ.